ನೋಟಕರ ಚರಿತ್ರೆ: ನವಲಿ ಸೀಮೆಯೂ ಅಂತರ ಕಾಲೇಜು ಪಂದ್ಯಾವಳಿಯೂ

ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆಯು ಗಂಗಾವತಿಯ ಕಡೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಕನಕಾಚಲಪತಿಯ ದೇವಾಲಯವನ್ನು ಹೊಗಳಲು ಹುಟ್ಟಿದ ಈ ಮಾತಿನಲ್ಲಿ ಇತಿಹಾಸದ ವಿದ್ಯಾರ್ಥಿಯು ಗಮನಿಸತಕ್ಕ ಇನ್ನೊಂದು ಅಂಶವುಂಟು. ಕಟ್ಟಿಸಿದ ನಾಯಕನ ಹೆಸರು ಅದರಲ್ಲಿಲ್ಲ. ಇರುವವನು ನಡೆದು ಬಂದು ಕಣ್ಣಿಟ್ಟು ನೋಡಿದವನು. ನಮ್ಮ ಚರಿತ್ರೆಯ ಗ್ರಂಥಗಳಾದರೋ ಕಟ್ಟಿದವರ, ಆಳಿದವರ, ಕಾದಿದವರ ವೃತ್ತಾಂತಗಳಿಂದ ತುಂಬಿವೆ. ಆಟಪಾಟಗಳ ಚರಿತ್ರೆಯಲ್ಲಿಯೂ ಇದೇ ಸ್ಥಿತಿ. ಗೆದ್ದವರ ಹೆಸರು, ಗೆಲುವಿನ ಅಂಕ, ಬಹುಮಾನವಿತ್ತ ಮಹನೀಯರ ಹೆಸರು ಇವಿಷ್ಟು ದೊರೆಯುತ್ತವೆ. ಬಿಸಿಲಿನಲ್ಲಿ ನಿಂತು ಕೂಗಿದವರು ಯಾರು, ಎಲ್ಲಿಂದ ಬಂದರು, ಏತಕ್ಕಾಗಿ ಬಂದರು ಎಂಬುದನ್ನು ವಿಚಾರಿಸಿದವರು ವಿರಳ.

ಪ್ರಕೃತ ಲೇಖನದಲ್ಲಿ ನಾವು ನವಲಿಯನ್ನೂ ಅದರ ಸುತ್ತಲಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನೂ ಮುಂದಿಟ್ಟುಕೊಂಡು ಈ ನೋಟಕವರ್ಗವನ್ನು ಕುರಿತು ಕೆಲವು ವಿಚಾರಗಳನ್ನು ಮಂಡಿಸಬಯಸುತ್ತೇವೆ. ಅದರಲ್ಲಿಯೂ ಸಣ್ಣ ಕಾಲೇಜುಗಳ ಬಾಸ್ಕೆಟ್ ಬಾಲ್ ಪಂದ್ಯಾವಳಿಯು ನಮ್ಮ ಮುಖ್ಯ ಉದಾಹರಣೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂತಹ ಪಂದ್ಯಾವಳಿಯನ್ನು ಊರಿಗೆ ಊರೇ ಹಿಂಬಾಲಿಸಿ ಹೋಗುವುದುಂಟು. ನಮ್ಮಲ್ಲಿ ಕಾಲೇಜುಗಳಿವೆ, ಪಂದ್ಯಾವಳಿಗಳಿವೆ, ನೋಡುವ ಉತ್ಸಾಹಕ್ಕಂತೂ ಕೊರತೆಯಿಲ್ಲ. ಆದರೂ ಅಂತಹ ಅಭಿಮಾನಿಬಳಗವು ಬೇರೂರಲಿಲ್ಲ. ಕಾರಣವನ್ನು ಜನರ ಅನಾಸಕ್ತಿಯಲ್ಲಿ ಹುಡುಕುವುದು ಸುಲಭ. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಈ ಸೀಮೆಯ ಜನ ಸ್ಪರ್ಧೆಯನ್ನು ನೋಡಲು ಕಲಿತದ್ದು ನಿನ್ನೆ ಮೊನ್ನೆಯಲ್ಲ. ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದ ನಾಡಿದು. ಆ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕವಾದ ಪ್ರಕರಣವೇ ಉಂಟು. ಮಲ್ಲರನ್ನು ಪ್ರಾಯ, ಬಲ, ಪರಿಣತಿಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮವನ್ನು ಅಲ್ಲಿ ಹೇಳಿದೆ. ಆದರೆ ವಿನೋದವು ಯಾರದು? ಅರಸನದು. ಮಿಕ್ಕವರು ಅರಸನು ನೋಡುವುದನ್ನು ನೋಡಲು ಬಂದವರು.

ವಿಜಯನಗರದ ಮಹಾನವಮಿಯಲ್ಲಿ ಈ ಏರ್ಪಾಡು ಪರಾಕಾಷ್ಠೆಯನ್ನು ಮುಟ್ಟಿತು. ಗಂಗಾವತಿಯ ಸೀಮೆಗೆ ಸೇರಿದ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. 1443ರಲ್ಲಿ ಬಂದ ಅಬ್ದುರ್ ರಜಾಕನು ಉತ್ಸವಕ್ಕಾಗಿ ಎಬ್ಬಿಸಿದ್ದ ಮೂರು, ನಾಲ್ಕು, ಐದು ಅಂತಸ್ತುಗಳ ಮಂಟಪಗಳನ್ನು ಕಂಡು ಬೆರಗಾದನು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಿಸನು ಅಲ್ಲಿಯ ಮಲ್ಲಯುದ್ಧವನ್ನು ವರ್ಣಿಸುತ್ತ, ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರೆಂದೂ, ಇಬ್ಬರನ್ನೂ ಸಮಾನಸ್ಥಿತಿಯಲ್ಲಿ ಕಣಕ್ಕಿಳಿಸಿ ಗೆದ್ದವನಿಗೆ ಮರ್ಯಾದೆ ಸಲ್ಲುವಂತೆ ಅವರು ನೋಡಿಕೊಳ್ಳುತ್ತಿದ್ದರೆಂದೂ ತಿಳಿಸುತ್ತಾನೆ. ಸ್ವಲ್ಪ ತರುವಾಯದ ನೂನಿಜನು ಕೊಡುವ ವಿವರ ಇನ್ನೂ ವಿಚಿತ್ರವಾದುದು. ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದ ಮಲ್ಲರಲ್ಲಿ ಹೆಚ್ಚು ಗಾಯಗೊಂಡವನೇ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನಂತೆ! ನಿಯಮವಿತ್ತು, ತೀರ್ಪುಗಾರನಿದ್ದನು, ಬಹುಮಾನವಿತ್ತು, ಅಪಾರ ಜನಸಂದಣಿಯೂ ಇತ್ತು. ಆದರೆ ನೋಟಕರಲ್ಲಿ ಒಬ್ಬನು 'ಇವನು ನಮ್ಮವನು' ಎಂದು ಹೇಳಿಕೊಳ್ಳಲು ಬೇಕಾದ ಕಟ್ಟು ಅಲ್ಲಿ ಕಾಣುವುದಿಲ್ಲ. ಮಲ್ಲರೆಲ್ಲರೂ ಅರಸನವರು.

ಊರ ಮಟ್ಟದಲ್ಲಿ ಸಂಗತಿ ಬೇರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾರಹುಣ್ಣಿಮೆಯಂದು ಕರಿ ಹರಿಯುವ ಪದ್ಧತಿಯನ್ನು ವಾಚಕರು ಬಲ್ಲರು. ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಮುಂದಾಗಿ ಬಂದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷ ಯಾವ ಬೆಳೆ ಹುಲುಸಾದೀತೆಂದು ಊಹಿಸುತ್ತಾರೆ. ಇಲ್ಲಿ ಫಲಿತಾಂಶವು ನೋಟಕನ ಹೊಲಕ್ಕೆ, ಅವನ ಕಣಜಕ್ಕೆ ತಗಲುವಂತಹುದು. ಆದಕಾರಣ ಅವನು ಉದಾಸೀನನಾಗಿರಲಾರನು. ಜಾತ್ರೆಗಳಲ್ಲಿ ನಡೆಯುವ ಕುಸ್ತಿ, ಗುಂಡು ಎತ್ತುವಿಕೆ, ಚೀಲ ಹೊರುವಿಕೆಗಳಲ್ಲಿಯೂ ಪೈಲವಾನನ ಹೆಸರಿನೊಡನೆ ಅವನ ಊರಿನ ಹೆಸರನ್ನು ಸಾರುತ್ತಾರೆ. ಊರಿನ ಹೆಸರು ಕೇಳಿದೊಡನೆ ಗುಂಪಿನಲ್ಲಿ ಒಂದು ಮೂಲೆಯಿಂದ ಕೇಕೆ ಏಳುತ್ತದೆ. ಅಭಿಮಾನಿಯ ಹುಟ್ಟು ಇಲ್ಲಿಯೇ ಎಂದು ನಾವು ತಿಳಿಯುತ್ತೇವೆ. ಮಹಾನವಮಿಯ ದಿಬ್ಬದಿಂದಲ್ಲ, ಭೋಗಾಪುರೇಶನ ನವಲಿಯಂತಹ ಊರುಗಳ ಜಾತ್ರೆಯ ಬಯಲಿನಿಂದಲೇ ಈ ಸೀಮೆಯ ಕ್ರೀಡಾಭಿಮಾನವು ಇಳಿದು ಬಂದಿದೆ.

ಇನ್ನು ಬಾಸ್ಕೆಟ್ ಬಾಲಿನ ಸಂಗತಿ. ಮೂಲಪುರುಷನೇ ಇಲ್ಲದ ಕುಸ್ತಿ, ಕಬಡ್ಡಿಗಳಂತಲ್ಲದೆ ಈ ಆಟಕ್ಕೆ ಹುಟ್ಟಿದ ತಿಂಗಳೂ ಕರ್ತೃವೂ ಉಂಟು. 1891ರ ಡಿಸೆಂಬರಿನಲ್ಲಿ ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಅಧ್ಯಾಪಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರಚಿಸಿ, 13 ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ತೂಗಹಾಕಿದನು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಶಿಕ್ಷಣ ಪಡೆದ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ಶಾಲಾ ಕಾಲೇಜುಗಳ ಅಂಗಳಕ್ಕೆ ಈ ಆಟವು ಇಳಿದುದರಲ್ಲಿ ಆ ಕಾಲೇಜಿನಲ್ಲಿ ಕಲಿತ ಶಿಕ್ಷಕರ ಪಾತ್ರ ದೊಡ್ಡದು. 1934ರಲ್ಲಿ ದೆಹಲಿಯಲ್ಲಿ ಪುರುಷರ ಪ್ರಥಮ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 1950ರಲ್ಲಿ ಭಾರತದ ಬಾಸ್ಕೆಟ್ ಬಾಲ್ ಒಕ್ಕೂಟವು ರಚಿತವಾಯಿತು.

ಸಣ್ಣ ಕಾಲೇಜಿಗೆ ಒಪ್ಪುವ ಆಟವೆಂದರೆ ಇದೇ ಎಂದು ಮೇಲುನೋಟಕ್ಕೆ ತೋರುತ್ತದೆ. ಕ್ರಿಕೆಟ್ಟಿಗೂ ಕಾಲ್ಚೆಂಡಿಗೂ ಹನ್ನೊಂದು ಜನ ಬೇಕು, ವಿಶಾಲವಾದ ಬಯಲು ಬೇಕು. ಇದಕ್ಕೆ ಕಣದಲ್ಲಿ ಐವರು, ಎರಡು ಕಂಬ, ಒಂದು ಚೆಂಡು. ಮುನ್ನೂರು ವಿದ್ಯಾರ್ಥಿಗಳ ಕಾಲೇಜು ಮೂರು ಸಾವಿರದ ಕಾಲೇಜನ್ನು ಎದುರಿಸಬಹುದು. ಹೀಗಿದ್ದೂ ನಮ್ಮ ಹಳ್ಳಿಗಾಡಿನ ಕಾಲೇಜುಗಳಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್‌ಗಳಿಗೆ ದೊರೆತ ಪ್ರಸಾರ ಇದಕ್ಕೆ ದೊರೆಯಲಿಲ್ಲ. ಕಾರಣಗಳಲ್ಲಿ ಒಂದನ್ನು ನಾವು ಕಾಲ ಕೆಳಗಿನ ನೆಲದಲ್ಲಿಯೇ ಕಾಣುತ್ತೇವೆ. ಕಬಡ್ಡಿಗೆ ಮೆತ್ತನೆಯ ಮಣ್ಣೇ ಹಿತ. ವಾಲಿಬಾಲಿನ ಚೆಂಡು ನೆಲವನ್ನು ಮುಟ್ಟಲೇ ಕೂಡದು. ಬಾಸ್ಕೆಟ್ ಬಾಲಿನ ಆಟಗಾರನು ಮಾತ್ರ ಚೆಂಡನ್ನು ನೆಲಕ್ಕೆ ಕುಕ್ಕುತ್ತಲೇ ಮುಂದೆ ಸಾಗಬೇಕು. ಎರೆಭೂಮಿಯು ಬೇಸಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಚೆಂಡು ಅದರ ಮೇಲೆ ಪುಟಿಯದು. ಮಸಬು ನೆಲ ಅಷ್ಟು ನಿಷ್ಠುರವಲ್ಲವಾದರೂ ಹರಳು ಮೇಲೆದ್ದಲ್ಲಿ ಚೆಂಡು ಹೇಳಿದ ಮಾತನ್ನು ಕೇಳುವುದಿಲ್ಲ. 28 ಮೀಟರು ಉದ್ದ, 15 ಮೀಟರು ಅಗಲದ ಸಿಮೆಂಟಿನ ಅಂಗಳವು ಈ ಆಟದ ಮೊದಲನೆಯ ಖರ್ಚು. ಕೊಠಡಿಗಳಿಗೇ ಹಣ ಸಾಲದ ಕಾಲೇಜಿನ ಆಡಳಿತಮಂಡಳಿಯು ಆ ಖರ್ಚನ್ನು ಮುಂದೂಡಿದರೆ ಅದನ್ನು ಬಹಳವಾಗಿ ಆಕ್ಷೇಪಿಸಲಾಗದು.

ಈ ತೊಂದರೆ ನಮಗೊಬ್ಬರಿಗೇ ಎಂದು ಭಾವಿಸಬೇಕಾಗಿಲ್ಲ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್ ಬಾಲಿಗೆ ಮೊದಲ ಬಾರಿಗೆ ಪದಕಸ್ಪರ್ಧೆಯ ಸ್ಥಾನ ದೊರೆತಾಗ ಜರ್ಮನರು ಅದನ್ನು ಜೇಡಿ ಮತ್ತು ಮರಳಿನ ಟೆನಿಸ್ ಅಂಗಳದಲ್ಲಿ ಏರ್ಪಡಿಸಿದರು. ಅಂತಿಮ ಪಂದ್ಯದ ದಿನ ಮಳೆ ಸುರಿಯಿತು. ಚೆಂಡನ್ನು ಪುಟಿಸುವುದೇ ಅಸಾಧ್ಯವಾಗಿ ಅಮೆರಿಕವು ಕೆನಡವನ್ನು 19–8ರಿಂದ ಸೋಲಿಸಿತು. ಒಂದು ಇಡೀ ಪಂದ್ಯದಲ್ಲಿ ಉಭಯ ಪಕ್ಷಗಳೂ ಕೂಡಿ ಗಳಿಸಿದ ಅಂಕ 27! ಎರೆಮಣ್ಣಿನ ಮೇಲೆ ಆಡಿನೋಡಿದ ನಮ್ಮ ವಿದ್ಯಾರ್ಥಿಗಳಿಗೆ ಈ ಸಂಖ್ಯೆಯಲ್ಲಿ ಆಶ್ಚರ್ಯಪಡುವಂತಹುದು ಏನೂ ಇರಲಾರದು.

ಆದರೂ ನೆಲವು ಆಟಕ್ಕೆ ಅಡ್ಡಿಯಾದೀತೇ ಹೊರತು ಅಭಿಮಾನಕ್ಕಲ್ಲ. ಅಂಗಳವುಳ್ಳ ಕಾಲೇಜುಗಳಲ್ಲಿಯೂ ಪಂದ್ಯಾವಳಿಯನ್ನು ಹಿಂಬಾಲಿಸುವ ಬಳಗ ಬೆಳೆಯದೆ ಹೋದುದಕ್ಕೆ ಬೇರೊಂದು ಕಾರಣವನ್ನು ಹುಡುಕಬೇಕು. ಅದಕ್ಕಾಗಿ ಮೊದಲು ಆ ಬಳಗ ಬೆಳೆದಿರುವ ದೇಶದತ್ತ ನೋಡೋಣ.

ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಸಣ್ಣ ಕಾಲೇಜುಗಳು ಕೂಡಿಕೊಂಡು 1888ರಲ್ಲಿ ಒಂದು ಕ್ರೀಡಾಸಂಘವನ್ನು ಕಟ್ಟಿದವು. ಬಾಸ್ಕೆಟ್ ಬಾಲ್ ಹುಟ್ಟುವುದಕ್ಕಿಂತ ಮೂರು ವರ್ಷ ಮೊದಲೇ ಹುಟ್ಟಿದ ಆ ಸಂಘವು ಇಂದಿಗೂ ಇದೆ. ಅದಕ್ಕೆ ಸೇರಿದ ಹೋಪ್ ಮತ್ತು ಕಾಲ್ವಿನ್ ಕಾಲೇಜುಗಳು ಎರಡೂ ಡಚ್ ವಲಸೆಗಾರರ ಸುಧಾರಿತ ಕ್ರೈಸ್ತಪಂಥದಿಂದ ಬಂದವು. ಒಂದರಿಂದ ಇನ್ನೊಂದಕ್ಕೆ ಹೆಚ್ಚು ದೂರವಿಲ್ಲ. 1920ರ ಆಸುಪಾಸಿನಿಂದ ಇವುಗಳ ತಂಡಗಳು ವರ್ಷ ವರ್ಷವೂ ಎದುರಾಗುತ್ತ ಬಂದಿವೆ. ಅಣ್ಣ ಒಂದರಲ್ಲಿಯೂ ತಮ್ಮ ಇನ್ನೊಂದರಲ್ಲಿಯೂ ಓದಿರಬಹುದಾದ ಮನೆತನಗಳಲ್ಲಿ ಈ ಪಂದ್ಯವು ಹಬ್ಬದಂತೆ ನಿಯತವಾಗಿದೆ. ಪದವಿ ಪಡೆದು ದೂರದ ಊರುಗಳಿಗೆ ಹೋದವರೂ ಪಂದ್ಯದ ದಿನ ಒಂದೆಡೆ ಕೂಡಿ ಅದರ ಪ್ರಸಾರವನ್ನು ನೋಡುತ್ತಾರೆ. ಅಲ್ಲಿಯ ಆಟಗಾರರು ಜಗತ್ಪ್ರಸಿದ್ಧರಲ್ಲ. ನೋಟಕನ ಪಾಲಿಗೆ ಮುಖ್ಯವಾದುದು ಎದುರಾಳಿ ಬದಲಾಗಿಲ್ಲವೆಂಬುದು. ತಂದೆ ಯಾರನ್ನು ಸೋಲಿಸಬೇಕೆಂದು ಕೂಗಿದನೋ ಮಗನೂ ಅವರನ್ನೇ ಸೋಲಿಸಬೇಕೆಂದು ಕೂಗುತ್ತಾನೆ.

ಸಣ್ಣ ಕಾಲೇಜುಗಳಿಗಾಗಿ ರಾಷ್ಟ್ರಮಟ್ಟದ ಪಂದ್ಯಾವಳಿಯೂ ಅಲ್ಲಿ ಬಹಳ ಹಿಂದೆಯೇ ಆರಂಭವಾಯಿತು. 1937ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಎಂಟು ತಂಡಗಳೊಡನೆ ಅದು ನಡೆದಾಗ ವೃದ್ಧ ನೈಸ್ಮಿತನೂ ಅದರ ಸಂಸ್ಥಾಪಕರಲ್ಲಿ ಒಬ್ಬನಾಗಿದ್ದನು. ಮರುವರ್ಷವೇ ತಂಡಗಳ ಸಂಖ್ಯೆ 32ಕ್ಕೆ ಏರಿತು. ಈ ಪಂದ್ಯಾವಳಿಯ ಚರಿತ್ರೆಯಲ್ಲಿ ಮರೆಯಲಾಗದ ಘಟ್ಟವೊಂದಿದೆ. ಕರಿಯ ಆಟಗಾರರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. 1947ರಲ್ಲಿ ಇಂಡಿಯಾನ ಸ್ಟೇಟ್ ಕಾಲೇಜಿನ ಶಿಕ್ಷಕ ಜಾನ್ ವುಡನ್, ತನ್ನ ತಂಡದ ಕ್ಲಾರೆನ್ಸ್ ವಾಕರನನ್ನು ಬಿಟ್ಟು ಬರಲಾರೆನೆಂದು ಆಹ್ವಾನವನ್ನೇ ನಿರಾಕರಿಸಿದನು. 1948ರಲ್ಲಿ ನಿಷೇಧವು ಹೋಯಿತು, ವಾಕರ್ ಆಡಿದನು. 'ನಮ್ಮ ತಂಡ' ಎಂಬ ಮಾತಿನಲ್ಲಿ 'ನಾವು' ಎಂದರೆ ಯಾರು ಎಂಬ ಪ್ರಶ್ನೆಗೆ ಅಂಗಳದಲ್ಲಿಯೇ ಉತ್ತರ ಹೇಳಬೇಕಾದ ಪ್ರಸಂಗವದು. ಕೇರಿಕೇರಿಗೆ ಬೇರೆ ತಂಡ ಕಟ್ಟುವ ವಾಡಿಕೆಯನ್ನು ಕಂಡಿರುವ ನಮ್ಮ ಅಧ್ಯಾಪಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಲವು ಕೇರಿಗಳ ಹುಡುಗರು ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಕೊಡದ ನೀರು ಕುಡಿಯುವ ಪ್ರಸಂಗವನ್ನು ಕಾಲೇಜಿನ ತಂಡವು ಒದಗಿಸಿತೆಂಬುದನ್ನು ನಾವು ಅಲ್ಪವೆಂದು ಎಣಿಸುವುದಿಲ್ಲ.

ಈಗ ನವಲಿ ಸೀಮೆಗೆ ಮರಳೋಣ. 1948ಕ್ಕೆ ಮೊದಲು ಇದು ಹೈದರಾಬಾದ್ ಸಂಸ್ಥಾನದ ಭಾಗ; ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರು. ಉನ್ನತ ವಿದ್ಯೆಯನ್ನು ಬಯಸಿದವನು 1918ರಲ್ಲಿ ಸ್ಥಾಪಿತವಾದ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಿತ್ತು, ಇಲ್ಲವೆ ಸಂಸ್ಥಾನದ ಗಡಿ ದಾಟಿ ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಬೇಕಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ಅನೇಕ ವಿದ್ಯಾರ್ಥಿಗಳು ಓದನ್ನೇ ಬಿಟ್ಟು ಗಡಿಯ ಆಚೆಯ ಶಿಬಿರಗಳನ್ನು ಸೇರಿದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದ ಮುಂಡರಗಿ ಶಿಬಿರವು ಇವುಗಳಲ್ಲಿ ಪ್ರಸಿದ್ಧವಾದುದು. ಆ ಕಾಲದ ಯುವಕನಿಗೆ ಪಂದ್ಯಾವಳಿಯ ಮಾತು ದೂರವೇ ಉಳಿಯಿತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಡನೆ ಈ ಸೀಮೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಈ ಭಾಗದ ಕಾಲೇಜುಗಳು 1949ರಲ್ಲಿ ಹುಟ್ಟಿ ಧಾರವಾಡದಲ್ಲಿ ನೆಲೆಗೊಂಡಿದ್ದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟವು. 1960ರ ದಶಕದಲ್ಲಿ ಕೊಪ್ಪಳದಲ್ಲಿ ಗವಿಸಿದ್ಧೇಶ್ವರರ ಹೆಸರಿನ ಕಾಲೇಜು ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರಗಳ ಹಳೆಯ ಕಾಲೇಜುಗಳು ಈಗ ಎದುರಾಳಿಗಳಾದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವು ಬೇರ್ಪಟ್ಟಾಗ ಅವೆಲ್ಲವೂ ಒಂದೇ ದಿನದಲ್ಲಿ ಪರಕೀಯವಾದವು. ಬೀದರ, ಗುಲಬರ್ಗಾ, ಬಳ್ಳಾರಿಗಳು ನೆರೆಯವಾದವು. 2010ರಲ್ಲಿ ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, 1997ರಿಂದ ಪ್ರತ್ಯೇಕ ಜಿಲ್ಲೆಯಾಗಿದ್ದ ಕೊಪ್ಪಳವು ಅದರ ವ್ಯಾಪ್ತಿಗೆ ಬಂದಿತು; ಬೀದರವೂ ಗುಲಬರ್ಗಾವೂ ಪಟ್ಟಿಯಿಂದ ಹೋದವು. 2023ರಲ್ಲಿ ಕೊಪ್ಪಳಕ್ಕೇ ಒಂದು ವಿಶ್ವವಿದ್ಯಾನಿಲಯ ಬಂದಿತು. 2025ರಲ್ಲಿ ಇಂತಹ ಹೊಸ ವಿಶ್ವವಿದ್ಯಾನಿಲಯಗಳನ್ನು ಮತ್ತೆ ಹಳೆಯವುಗಳೊಡನೆ ವಿಲೀನಗೊಳಿಸುವ ವಿಚಾರವು ಸರಕಾರದ ಮಟ್ಟದಲ್ಲಿ ಚರ್ಚೆಗೆ ಬಂದಿತು.

ಈ ಬದಲಾವಣೆಗಳನ್ನು ಶಿಕ್ಷಣದ ಚರಿತ್ರೆಕಾರರು ಪರೀಕ್ಷೆ, ಪಠ್ಯಕ್ರಮ, ಅನುದಾನಗಳ ದೃಷ್ಟಿಯಿಂದ ವಿವೇಚಿಸಿದ್ದಾರೆ. ಅಂತರ ಕಾಲೇಜು ಪಂದ್ಯಾವಳಿಯೆಂಬುದು ವಿಶ್ವವಿದ್ಯಾನಿಲಯದ ವ್ಯಾಪ್ತಿಯೊಳಗೆ ನಡೆಯತಕ್ಕದ್ದಾದ್ದರಿಂದ ಆ ಗಡಿರೇಖೆಯು ಎದುರಾಳಿಯನ್ನೂ ಗೊತ್ತುಪಡಿಸುತ್ತದೆ ಎಂಬುದನ್ನು ಅವರು ಗಮನಿಸಿದಂತೆ ತೋರುವುದಿಲ್ಲ. ಒಂದು ಸೋಲಿನ ಸೇಡನ್ನು ತೀರಿಸಿಕೊಳ್ಳಬೇಕಾದರೆ ಸೋಲಿಸಿದವನು ಮುಂದಿನ ವರ್ಷವೂ ಬರಬೇಕಷ್ಟೆ! ಎರಡು ತಲೆಮಾರು ನಿಲ್ಲುವಷ್ಟು ಪೈಪೋಟಿ ಕಟ್ಟುವ ಮೊದಲೇ ಪೈಪೋಟಿಗಾರನು ಬೇರೆ ವಿಶ್ವವಿದ್ಯಾನಿಲಯದವನಾಗಿಬಿಡುತ್ತಿದ್ದನು. ಮಿಷಿಗನ್ನಿನ ಕಾಲೇಜುಗಳು ತಮ್ಮ ನೆರೆಯವರನ್ನು ತಾವೇ ಆರಿಸಿಕೊಂಡವು. ನಮ್ಮ ಕಾಲೇಜುಗಳಿಗೆ ನೆರೆಯವರು ಅಧಿಸೂಚನೆಯ ಮೂಲಕ ಬಂದರು, ಅಧಿಸೂಚನೆಯ ಮೂಲಕವೇ ಹೋದರು.

ದೂರದ ಮಾತನ್ನೂ ಇಲ್ಲಿ ಹೇಳಬೇಕು. ಕೊಪ್ಪಳದಿಂದ ಧಾರವಾಡಕ್ಕೆ ಸುಮಾರು 135 ಕಿಲೋಮೀಟರು. ಹುಬ್ಬಳ್ಳಿ–ಗುಂತಕಲ್ಲು ರೈಲುಮಾರ್ಗದ ಅನುಕೂಲವೂ ಇತ್ತು. ಗುಲಬರ್ಗಾ ಅದರ ಹೆಚ್ಚುಕಡಿಮೆ ಇಮ್ಮಡಿ ದೂರ. ಪ್ರಯಾಣವು ಬಹುಮಟ್ಟಿಗೆ ಬಸ್ಸಿನದೇ. ಹಿಂದುಳಿದ ಪ್ರದೇಶಕ್ಕೆ ವಿದ್ಯೆಯನ್ನು ಸಮೀಪಕ್ಕೆ ತರುವ ಸದುದ್ದೇಶದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಈ ಒಂದು ಮೂಲೆಗೆ ಮಾತ್ರ ಹಿಂದಿನದಕ್ಕಿಂತ ದೂರವಾಯಿತು. ಗಂಗಾವತಿಗೆ ರೈಲು ಬಂದುದೇ 2019ರಲ್ಲಿ. ಇಂತಹ ಸ್ಥಿತಿಯಲ್ಲಿ ತಂಡದ ಹತ್ತು ಹನ್ನೆರಡು ಹುಡುಗರನ್ನು ಕಳುಹಿಸುವುದೇ ಕಾಲೇಜಿಗೆ ಭಾರ. ತಂಡದ ಹಿಂದೆ ನೂರು ಜನ ಹೋಗಿ ಕೂಗಲೆಂದು ನಿರೀಕ್ಷಿಸುವುದು ಹೇಗೆ? ಅದರ ಮೇಲೆ ನಮ್ಮ ಪಂದ್ಯಾವಳಿಗಳು ಬಹುತೇಕ ಸೋತವರು ಹೊರಡುವ ಪದ್ಧತಿಯವು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಳಿಗ್ಗೆ ಇಳಿದ ತಂಡವು ಹತ್ತು ಗಂಟೆಗೆ ಸೋತು, ಸಂಜೆಯ ಬಸ್ಸಿಗೆ ಮರಳುವುದು ಅಪೂರ್ವವಲ್ಲ. ಸರ್ವರೂ ಸರ್ವರೊಡನೆ ಆಡುವ ಪದ್ಧತಿಯಲ್ಲಿ ನೋಟಕನಿಗೆ ಮುಂದಿನ ಪಂದ್ಯದ ಭರವಸೆಯಾದರೂ ಇರುತ್ತದೆ.

ಹೀಗಾಗಿ ನಮ್ಮ ಪಂದ್ಯಾವಳಿಯ ನೋಟಕನೆಂದರೆ ಮುಖ್ಯವಾಗಿ ಆತಿಥೇಯ ಕಾಲೇಜಿನವನು ಮತ್ತು ಆ ಊರಿನವನು. ಅವನ ನಡವಳಿಕೆ ಸ್ವಾರಸ್ಯವಾದುದು. ಅವನ ಕಾಲೇಜು ಮೊದಲ ದಿನವೇ ಸೋತರೂ ಅವನು ಮನೆಗೆ ಹೋಗುವುದಿಲ್ಲ. ಉಳಿದವರಲ್ಲಿ ಒಂದು ತಂಡವನ್ನು ದತ್ತು ತೆಗೆದುಕೊಳ್ಳುತ್ತಾನೆ. ಕೆಲವರು ತಮ್ಮನ್ನು ಸೋಲಿಸಿದವರೇ ಕೊನೆಗೆ ಗೆಲ್ಲಲೆಂದು ಹಾರೈಸುತ್ತಾರೆ. ವಿಜೇತರಿಂದ ಸೋತೆವೆಂದಾದರೆ ಸೋಲಿಗೂ ಒಂದು ಮರ್ಯಾದೆ ಬರುತ್ತದಲ್ಲವೆ? ಇನ್ನು ಕೆಲವರು ಅತಿ ದೂರದಿಂದ, ಅತಿ ಸಣ್ಣ ಊರಿನಿಂದ ಬಂದವರ ಪಕ್ಷ ವಹಿಸುತ್ತಾರೆ. ಹಲಗೆ ಬಾರಿಸುವವರಿಗೆ ಪಕ್ಷವಿಲ್ಲ. ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಬಾರಿಸುತ್ತಾರೆ. ಇದು ಜಾತ್ರೆಯ ಕಣದ ರೀತಿಯೇ ಆಗಿದೆ. ಕಾಲೇಜಿನ ಅಭಿಮಾನವು ಬೆಳೆಯಲು ಅವಕಾಶವಿಲ್ಲದ ಕಡೆ ಊರಿನ ಅಭಿಮಾನವು ಆ ಸ್ಥಳವನ್ನು ತುಂಬಿತು. ಅಂತಹ ನೋಟಕನನ್ನು ಅಭಿಮಾನಿಯಲ್ಲವೆಂದು ತಳ್ಳಿಹಾಕುವುದನ್ನು ನಾವು ಒಪ್ಪುವುದಿಲ್ಲ. ಅವನ ನಿಷ್ಠೆಯ ಆಯುಷ್ಯ ಎರಡು ದಿನದ್ದಾದರೂ ಅದರ ತೀವ್ರತೆ ಕಡಮೆಯದಲ್ಲ.

ಸ್ತ್ರೀಯರ ವಿಷಯವನ್ನು ಬಿಟ್ಟರೆ ಈ ವಿವೇಚನೆಯು ಅಪೂರ್ಣವಾಗುತ್ತದೆ. ಬಾಸ್ಕೆಟ್ ಬಾಲ್ ಹುಟ್ಟಿದ ಒಂದೆರಡು ವರ್ಷಗಳಲ್ಲಿಯೇ ಸೆಂಡಾ ಬೆರೆನ್‌ಸನ್ ಎಂಬ ಅಧ್ಯಾಪಿಕೆ ಅದನ್ನು ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಕಲಿಸಿದಳು. 1893ರಲ್ಲಿ ಅಲ್ಲಿ ನಡೆದ ಪಂದ್ಯಕ್ಕೆ ಪುರುಷ ಪ್ರೇಕ್ಷಕರನ್ನು ಬಿಡಲಿಲ್ಲ. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ವಿದ್ಯಾರ್ಥಿನಿಯರು ಆಡಿದಾಗಲೂ ಹಾಗೆಯೇ. ಸ್ತ್ರೀಯರು ಆಡುವುದಕ್ಕಿಂತ ಅದನ್ನು ಯಾರು ನೋಡಬೇಕೆಂಬುದೇ ಅಂದಿನ ಸಮಾಜಕ್ಕೆ ದೊಡ್ಡ ಸಮಸ್ಯೆಯಾಗಿತ್ತು. ನಮ್ಮಲ್ಲಿ ಯಾರೂ ಅಂತಹ ಬಾಗಿಲು ಹಾಕಲಿಲ್ಲ, ಏಕೆಂದರೆ ನಮ್ಮ ಅಂಗಳಗಳಿಗೆ ಬಾಗಿಲೇ ಇರಲಿಲ್ಲ. ಬಯಲಿನಲ್ಲಿ ಆಡುವ ವಿದ್ಯಾರ್ಥಿನಿಯು ದಾರಿಹೋಕರೆಲ್ಲರ ಕಣ್ಣಿಗೆ ಬೀಳುತ್ತಾಳೆ. ಮನೆಯವರ ಸಂಕೋಚಕ್ಕೆ ಇದೂ ಒಂದು ಕಾರಣ. ಆದರೆ ಅವಳನ್ನು ನೋಡಲು ತಾಯಿಯೋ ತಂಗಿಯೋ ಬಂದು ಕಟ್ಟೆಯ ಮೇಲೆ ಕುಳಿತಳೆಂದರೆ, ಪುರುಷರ ಪಂದ್ಯವು ಎಂದೂ ಕಾಣದ ನೋಟಕವರ್ಗವೊಂದು ಅಲ್ಲಿ ಪ್ರವೇಶಿಸಿತೆಂದೇ ಅರ್ಥ. ಕುಸ್ತಿಯ ಕಣದ ಸುತ್ತ ಇವರಿಗೆ ಸ್ಥಳವಿರಲಿಲ್ಲ.

ಈ ಚರಿತ್ರೆಯನ್ನು ವಿಸ್ತಾರವಾಗಿ ಬರೆಯಬೇಕೆನ್ನುವವರಿಗೆ ಆಕರಗಳು ಎಲ್ಲಿವೆ? ಶಾಸನಗಳಲ್ಲಿಲ್ಲ, ಗೆಜೆಟಿಯರುಗಳಲ್ಲಿ ಹೆಚ್ಚೇನೂ ಸಿಗದು. ಕಾಲೇಜಿನ ವಾರ್ಷಿಕ ಸಂಚಿಕೆಗಳು, ಕ್ರೀಡಾವಿಭಾಗದ ಖರ್ಚಿನ ಪುಸ್ತಕಗಳು, ಬಸ್ಸಿನ ಬಾಡಿಗೆಯ ರಸೀದಿಗಳು, ಆತಿಥೇಯ ಕಾಲೇಜು ಊಟಕ್ಕೆಂದು ಬರೆದಿಟ್ಟ ದಿನಸಿಯ ಪಟ್ಟಿಗಳು ಇವೇ ಮೊದಲ ದರ್ಜೆಯ ಆಕರಗಳು. ಎಷ್ಟು ಸೇರು ಅಕ್ಕಿ ಎಂಬುದರಿಂದ ಎಷ್ಟು ಜನರೆಂಬುದು ತಿಳಿಯುತ್ತದೆ. ವಿಶ್ವವಿದ್ಯಾನಿಲಯ ಬದಲಾದಾಗಲೆಲ್ಲ ಹಳೆಯ ಕಡತಗಳಿಗೆ ದಿಕ್ಕಿಲ್ಲದಂತಾಗುವ ಸಂಭವವಿರುವುದರಿಂದ ಈ ಹುಡುಕಾಟವನ್ನು ಆಯಾ ಕಾಲೇಜಿನಲ್ಲಿಯೇ ಆರಂಭಿಸಬೇಕು.

ವಾರ್ಷಿಕ ಸಂಚಿಕೆಗಳಲ್ಲಿ ಅಚ್ಚಾಗುವ ತಂಡದ ಛಾಯಾಚಿತ್ರವು ಎಲ್ಲ ಕಡೆಯೂ ಒಂದೇ ಬಗೆಯದು: ನಡುವೆ ಪ್ರಾಚಾರ್ಯರು, ಪಕ್ಕದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು, ಮುಂದೆ ನೆಲದ ಮೇಲೆ ಕಪ್ಪು, ಹಿಂದೆ ಕೈಕಟ್ಟಿ ನಿಂತ ಆಟಗಾರರು. ಆಟಗಾರರ ಹಿಂದೆ, ಕಿಟಕಿಯ ಸರಳುಗಳ ನಡುವೆ ಅಥವಾ ಕಾಂಪೌಂಡಿನ ಗೋಡೆಯ ಮೇಲೆ, ಛಾಯಾಗ್ರಾಹಕನು ಗಮನಿಸದೆ ಬಿಟ್ಟ ಕೆಲವು ಮುಖಗಳು ಒಮ್ಮೊಮ್ಮೆ ಕಾಣುತ್ತವೆ. ಅಡಿಬರಹದಲ್ಲಿ ಅವರ ಹೆಸರಿಲ್ಲ. ಊರಿನ ಹಿರಿಯರಿಗೆ ಆ ಪುಟವನ್ನು ತೋರಿಸಿದರೆ ಅವರಲ್ಲಿ ಕೆಲವರ ಗುರುತನ್ನಾದರೂ ಹಿಡಿಯಬಹುದು.